ಕತ್ತಿಯ ಹಿಡಿ ಯಾವುದರದು?

ಅದಿತಿ, ಮುಂದಿನ ಶನಿವಾರದಿಂದ ನೀನು ಬ್ರೆಂಡನ್ ಅವರ ಹರಾಜು ಮಳಿಗೆಗೆ ಕೆಲಸಕ್ಕೆ ಹೋಗುತ್ತೀಯ ಎಂದು ನಿಮ್ಮಮ್ಮ ಹೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದೆ. ಲೀಕ್ಸ್‌ಲಿಪ್‌ಗೆ ಕೆಲಸಕ್ಕೆ ಹೊರಟು ನಿಂತಿದ್ದ ನಿಮ್ಮಮ್ಮ ಬಾಗಿಲಲ್ಲೇ ತಿರುಗಿ, "ಅಮ್ಮ, ಅವ್ಳು ಹೋಗ್ತಿರೋದು ಶನಿವಾರದ ಕೆಲ್ಸಕ್ಕೆ, ಯುದ್ಧಕ್ಕಲ್ಲ. ನೀನ್ಯಾಕೆ ಹಿಂಗೆ ಓಡಾಡ್ತೀಯ?" ಎಂದಳು. ಅಲ್ಲಿರುವುದು ಕತ್ತಿಗಳೇ ತಾನೇ ಎಂದು ಹೇಳಬೇಕೆನಿಸಿತು.

ನಾನು ಹೇಳದೆ ಉಳಿಸಿಕೊಂಡ ಮಾತುಗಳೇ ಹೆಚ್ಚು. ಎದುರಿಗೆ ಕೂತು ಮಾತಾಡಲು ನನಗೆ ಈಗಲೂ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ. ಮಂಡ್ಯದ ಕಡೆಯ ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ ಕನ್ನಡ ಇದು. ನಿನಗೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನಿಮ್ಮಮ್ಮ ಓದಿ ಹೇಳಲಿ. ನಿನ್ನ ತಮ್ಮ ನಕುಲನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನು ನಡುವೆ, ಇಲ್ಲಿಯವರು ‘ಸರಿ, ಆಯ್ತು’ ಎನ್ನುವುದಕ್ಕೆ ಹೇಳುವ ಹಾಗೆ, "ಗ್ರ್ಯಾಂಡ್, ಅಜ್ಜಿ, ಗ್ರ್ಯಾಂಡ್" ಎಂದು ಎದ್ದು ಹೋದರೆ ಬಿಡಿ, ಬಲವಂತ ಬೇಡ.

ನಾನು ಮುಖ್ಯವಾಗಿ ಹೇಳಬೇಕಾಗಿರುವುದು ನೋರಾ ಅವರ ಮನೆಯ ಕತ್ತಿಯ ವಿಷಯ. ತೀರಿಹೋದ ಗಂಡ ಹಿಂತಿರುಗಿಸುತ್ತೇನೆಂದು ಮಾತು ಕೊಟ್ಟು ಬಂದಿದ್ದ ಕತ್ತಿಯನ್ನು, ತಾನು ಬದುಕಿರುವಾಗಲೇ ಅದರ ಮನೆಗೆ ಮುಟ್ಟಿಸಬೇಕೆಂದು ಒದ್ದಾಡಿದ ಹೆಂಗಸು ಅವರು. ಅದರ ಹಿಡಿಯನ್ನು ಯಾವುದರಿಂದ ಮಾಡಿದ್ದಾರೆ ಎಂದು ನಮಗೆ ಯಾರಿಗೂ ಗೊತ್ತಾಗದೆ ಎಲ್ಲವೂ ನಿಂತುಹೋಗಿತ್ತು. ಆದರೆ ಒಂದು ಹಿಡಿಗೆ ಇಷ್ಟೆಲ್ಲ ಯಾಕೆ ಎಂದು ನಿನಗೆ ತಿಳಿಯಬೇಕಾದರೆ ಮೊದಲು ಆ ಕೆಲಸ ಎಂಥದ್ದೆಂದು ಗೊತ್ತಿರಬೇಕು.

ನಿಮ್ಮ ತಾತ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿ ಬಂದವರು. ಅವರು ಹೋದ ಮೇಲೆ ನಾನು ಮನೆಯೊಳಗೇ ಸುತ್ತುತ್ತಿದ್ದೆ. ಪಕ್ಕದ ಮನೆಯಾಕೆ ಒಂದು ದಿನ ಕೈಹಿಡಿದು ಕರೆದುಕೊಂಡು ಹೋಗಿ ಹರಾಜು ಮಳಿಗೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ನಿಲ್ಲಿಸಿದಳು. ಮುಂದಿನ ಹಾಲ್‌ನಲ್ಲಿ ಮೇಜು, ಕುರ್ಚಿ, ಗಡಿಯಾರ, ಪಿಂಗಾಣಿ. ಹಿಂದಿನ ಕೋಣೆಗೆ ಮಾತ್ರ ಬೀಗ. ಅದರೊಳಗೆ ಗೋಡೆಯ ತುಂಬ ಕತ್ತಿಗಳು, ಎಲ್ಲವೂ ಇಂಡೋನೇಷ್ಯಾದವು. ಹಡಗಿನಲ್ಲಿ ದುಡಿದವರು, ರಬ್ಬರ್ ತೋಟ ನೋಡಿಕೊಂಡವರು, ಪಾದ್ರಿಗಳು, ಹೀಗೆ ಈ ದೇಶದಿಂದ ಆ ಕಡೆಗೆ ಹೋಗಿ ಬಂದವರ ಮನೆಗಳಿಂದ ಬಂದವು. ಇಂಡೋನೇಷ್ಯಾ ಎಂದರೆ ನನಗೆ ಗೊತ್ತಿರಲಿಲ್ಲ. ಜಾವಾ, ಸುಮಾತ್ರಾ ಗೊತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಭೂಪಟದ ಮೇಲೆ ಕೋಲಿನಿಂದ ತೋರಿಸಿದ್ದರು.

ಮಳಿಗೆಯ ಯಜಮಾನರು ಬ್ರೆಂಡನ್. ಎತ್ತರದ ಆಳು, ಕೆಂಪು ಕಿವಿ, ಕೋಪ ಬಂದರೆ ಕಿವಿ ಇನ್ನೂ ಕೆಂಪಾಗುತ್ತದೆ. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲೇ; ನನ್ನ ನೆನಪಿನಲ್ಲಿ ಅದು ಕನ್ನಡವಾಗಿಯೇ ಉಳಿದಿದೆ. "ಸರ್ ಅನ್ಬೇಡ" ಎಂದು ಮೊದಲ ದಿನವೇ ಹೇಳಿದರು. ಹಾಗಾಗಿ ಬಹಳ ಕಾಲ ನಾನು ಅವರನ್ನು ಏನೂ ಅನ್ನಲಿಲ್ಲ. ಬೇಕಾದರೆ ಎದುರಿಗೆ ಹೋಗಿ ನಿಲ್ಲುತ್ತಿದ್ದೆ.

ಹಾಗೆ ನಿಂತಿದ್ದಾಗಲೇ ಒಂದು ದಿನ ಅವರು ತಟ್ಟೆಯೊಂದನ್ನು ನನ್ನ ಮುಂದೆ ತಳ್ಳಿದರು. ಅದರಲ್ಲಿ ಮುರಿದ ಹಿಡಿಗಳ ಚೂರುಗಳಿದ್ದವು. "ಕಣ್ಮುಚ್ಚು, ಗೌರಿ. ಒಂದೊಂದೇ ಕೈಯಲ್ಲಿ ಹಿಡ್ಕೊ. ಹೆಸ್ರು ಬೇಡ. ಹೆಂಗನ್ಸುತ್ತೆ ಅಷ್ಟೇ ಹೇಳು." ಒಂದು ತಣ್ಣಗಿತ್ತು, ಭಾರವಾಗಿತ್ತು. ಒಂದು ಹಗುರ, ಬೇಗ ಬೆಚ್ಚಗಾಯಿತು. ಇನ್ನೊಂದು ಉಗುರಿನ ಹಾಗೆ. ಆ ಉಗುರಿನಂಥದ್ದು ಎಮ್ಮೆಯ ಕೊಂಬು. ಹಗುರವಾದದ್ದು ಪ್ಲಾಸ್ಟಿಕ್. ತಣ್ಣಗಿನದು ಮೂಳೆ ಎಂದು ನಾನು ಅಂದುಕೊಂಡೆ, ಅದು ದಂತ. ಅವರು ಭೂತಕನ್ನಡಿ ಕೊಟ್ಟು ತುಂಡಾದ ಕಡೆಯನ್ನು ತೋರಿಸಿದರು. ದಂತವನ್ನು ಅಡ್ಡಡ್ಡ ಕುಯ್ದ ಜಾಗದಲ್ಲಿ ಒಂದರ ಮೇಲೊಂದು ಹಾದುಹೋಗುವ ಸಣ್ಣ ಗೆರೆಗಳು ಕಾಣುತ್ತವೆ, ಜರಡಿಯ ಬಲೆಯ ಹಾಗೆ. ಮೂಳೆಯಲ್ಲಿ ಗೆರೆ ಇರುವುದಿಲ್ಲ, ಸೂಜಿ ಚುಚ್ಚಿದಂಥ ಚುಕ್ಕೆಗಳಿರುತ್ತವೆ. ತಿಮಿಂಗಿಲದ ಹಲ್ಲಿನಲ್ಲಿ ಬಲೆಯೂ ಇಲ್ಲ, ಚುಕ್ಕೆಯೂ ಇಲ್ಲ, ಒಳಗೊಂದು ಹೊರಗೊಂದು ಎರಡು ಬಣ್ಣದ ಪದರ. ಯಾವುದಕ್ಕೂ ತುಂಡಾದ ಕಡೆ ಕಾಣಬೇಕು. ಮೇಲಿನ ಮೈ ಎಷ್ಟು ಚೆನ್ನಾಗಿ ಉಜ್ಜಿದ್ದಾರೋ ಅಷ್ಟು ಮೋಸ ಮಾಡುತ್ತದೆ. ಇದನ್ನು ನೆನಪಿಟ್ಟುಕೊ, ಮುಂದೆ ಬೇಕಾಗುತ್ತದೆ.

ಮೊದಲೆಲ್ಲ ಕಾದ ಸೂಜಿ ಚುಚ್ಚಿ ನೋಡುತ್ತಿದ್ದರಂತೆ. ಕೊಂಬಾದರೆ ಕೂದಲು ಸುಟ್ಟ ವಾಸನೆ. ಎಷ್ಟೋ ಹಳೆಯ ಹಿಡಿಗಳ ಅಡಿಯಲ್ಲಿ ಆ ಕಪ್ಪು ಚುಕ್ಕೆ ಇರುತ್ತದೆ; ಯಾರೋ ಅನುಮಾನಪಟ್ಟದ್ದರ ಗುರುತು. ನಾನು ಸೇರುವ ಹೊತ್ತಿಗೆ ಸೂಜಿ ಹೋಗಿ ನೇರಳೆ ಬೆಳಕಿನ ದೀಪ ಬಂದಿತ್ತು. ಈಗ ಫೋನಿಗೇ ಸಿಕ್ಕಿಸುವ ಸೂಕ್ಷ್ಮದರ್ಶಕವಿದೆ, ನಿನ್ನ ಕೈಗೆ ಕೊಡುತ್ತಾರೆ. ಬದಲಾದದ್ದು ಉಪಕರಣ ಮಾತ್ರ ಅಲ್ಲ. ಆಗೆಲ್ಲ ಕತ್ತಿ ತಂದವರು "ದಂತ ತಾನೇ?" ಎಂದು ಆಸೆಯಿಂದ ಕೇಳುತ್ತಿದ್ದರು. ಈಗ ಅದನ್ನೇ ಹೆದರಿಕೊಂಡು ಕೇಳುತ್ತಾರೆ. ದಂತವಾದರೆ ಮಾರಲು ಕಾನೂನು, ಗಡಿ ದಾಟಿಸಲು ಕಾನೂನು, ಹಳೆಯದೆಂದು ತೋರಿಸಲು ಪುರಾವೆ. ಪ್ರಶ್ನೆ ಅದೇ, ಕೇಳುವವರ ಮುಖ ಬೇರೆ.

ಒಮ್ಮೆ ಒಬ್ಬಾತ ಬಿಳಿ ಹಿಡಿಯ ಕತ್ತಿ ತಂದ. ಜಾವಾದ ರಾಜನೊಬ್ಬ ಅವನ ಮುತ್ತಜ್ಜನಿಗೆ ಕೈಯಾರೆ ಕೊಟ್ಟದ್ದಂತೆ. ಬ್ರೆಂಡನ್ ಹಿಡಿಯನ್ನು ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು, "ಗೌರಿ, ಮೂಸಿ ನೋಡು" ಎಂದರು.

ನಾನು ಮೂಸಿದೆ. ಹೇಳಲು ನಾಚಿಕೆಯಾಯಿತು. "ಒಲೆ ಮೇಲೆ ಹಾಲು ಉಕ್ಕಿದ ಹಾಗೆ."

"ಹೌದು. ಹಾಲಿಂದ ಮಾಡಿದ ಹಳೇ ಕಾಲದ ಪ್ಲಾಸ್ಟಿಕ್. ಇದ್ರಲ್ಲಿ ಬಟನ್ ಮಾಡ್ತಿದ್ರು."

ಆತ ಸೋಲಲಿಲ್ಲ. "ರಾಜ ಹಸು ಸಾಕಿದ್ದನೇನೋ" ಎಂದ.

"ಸಾಕಿದ್ರೆ ಅದು ಬಟನ್ ಫ್ಯಾಕ್ಟರೀಲಿ ಕೆಲ್ಸ ಮಾಡೋ ಹಸು" ಎಂದರು ಬ್ರೆಂಡನ್. ಇಬ್ಬರೂ ನಗುತ್ತಲೇ ಬೀಳ್ಕೊಂಡರು. ಅವನು ಮರುವರ್ಷ ಇನ್ನೊಂದು ಕತ್ತಿ ತಂದ. ಅದೂ ಅದೇ ರಾಜನದೇ.

ನನ್ನ ಎಡವಟ್ಟನ್ನೂ ಹೇಳಬೇಕು, ಇಲ್ಲದಿದ್ದರೆ ಬ್ರೆಂಡನ್ ನಿನಗೆ ಮೊದಲ ದಿನವೇ ಹೇಳಿ ನಗುತ್ತಾರೆ. ಸುಮಾತ್ರಾದ ಕತ್ತಿಯೊಂದರ ಹಿಡಿ ಹಿತ್ತಾಳೆಯದು. ಕಪ್ಪಾಗಿ, ಮಂಕಾಗಿತ್ತು. ನೋಡಿದರೆ ಕೈ ತುರಿಸುತ್ತಿತ್ತು. ನಮ್ಮಲ್ಲಿ ಹಬ್ಬದ ಹಿಂದಿನ ದಿನ ದೀಪದ ಕಂಬ ಹಾಗಿದ್ದರೆ ಅತ್ತೆ ಸುಮ್ಮನಿರುತ್ತಿದ್ದರೇ? ಮನೆಯಿಂದ ಹುಣಸೆಹಣ್ಣು ನೆನೆಸಿ ತಂದು, ಯಾರೂ ಇಲ್ಲದ ಹೊತ್ತಿನಲ್ಲಿ ಉಜ್ಜಿ ತೊಳೆದೆ. ಹೊಸ ತಂಬಿಗೆಯ ಹಾಗೆ ಫಳಫಳ ಹೊಳೆಯಿತು. ಬ್ರೆಂಡನ್ ಒಳಗೆ ಬಂದವರು ಬಾಗಿಲಲ್ಲೇ ನಿಂತರು.

"ಏನ್ ಹಾಕ್ದೆ ಇದಕ್ಕೆ?"

"ಹುಣಸೆಹಣ್ಣು."

"ತಿನ್ನೋದಾ?"

"ಸಾರಿಗೆ ಹಾಕೋದು."

ಅವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ನೂರಾರು ಕೈಗಳು ಹಿಡಿದು ಹಿಡಿದು ಮೂಡಿದ ಬಣ್ಣವನ್ನು ನಾನು ಸಾರಿನ ಹುಳಿಯಲ್ಲಿ ತೊಳೆದು ಚರಂಡಿಗೆ ಬಿಟ್ಟಿದ್ದೆ. ಆ ಕತ್ತಿ ಆಮೇಲೆ ಯಾವುದೋ ಹೋಟೆಲಿನ ಗೋಡೆಗೆ ಹೋಯಿತು. ಕೆಲಸದಿಂದ ತೆಗೆಯುತ್ತಾರೆಂದು ನಾನು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದರೆ, "ನಾಳೆಯಿಂದ ನೆಲ ಒರೆಸ್ಬೇಡ, ಕತ್ತಿ ಕೋಣೇಗೆ ಬಾ. ನಿನ್ನನ್ನ ಕಣ್ಮುಂದೇನೇ ಇಟ್ಕೋಬೇಕು" ಎಂದರು. ನಾನು ಕತ್ತಿಗಳ ಕೆಲಸಕ್ಕೆ ಸೇರಿದ್ದು ಹೀಗೆ.

ಇನ್ನೊಂದು ಸಂಗತಿ ಇದೆ. ನಮ್ಮ ಕಡೆ ಚಾಕು, ಮಚ್ಚು, ಕುಡುಗೋಲನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಜಗಳ ಬರುತ್ತದೆ ಎನ್ನುತ್ತಾರೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನಂಬಿಕೆಯೋ ಅಭ್ಯಾಸವೋ, ಯಾರಾದರೂ ಅಲಗು ಚಾಚಿದರೆ ನನ್ನ ಕೈ ತಾನಾಗಿ ಹಿಂದೆ ಹೋಗುತ್ತದೆ. ಮಳಿಗೆಯಲ್ಲಿ ಮೊದಮೊದಲು ನಕ್ಕರು. ಒಬ್ಬ ಹುಡುಗ ಬೆರಳು ಕುಯ್ದುಕೊಂಡ ಮೇಲೆ ಬ್ರೆಂಡನ್ ಅದನ್ನೇ ಎಲ್ಲರಿಗೂ ಕಟ್ಟುಪಾಡು ಮಾಡಿದರು: ಕತ್ತಿ ಮೇಜಿನ ಮೇಲೆ, ಆಮೇಲೆ ಕೈಗೆ. ಅಲ್ಲಿಂದ ಮುಂದೆ ನನಗೆ ಅದು ಮರೆತೇ ಹೋಯಿತು. ಎಲ್ಲರೂ ಮಾಡುವುದನ್ನು ಯಾರು ನೆನಪಿಡುತ್ತಾರೆ?

ಈಗ ನೋರಾ.

ನೋರಾ ಅವರ ಗಂಡ ಹಡಗಿನಲ್ಲಿ ಎಂಜಿನಿಯರ್. ಬಂದರು ಬಂದರಿನಲ್ಲೂ ಕತ್ತಿ ಕೊಂಡವರು. ಅವರು ತೀರಿಕೊಂಡಾಗ ಬ್ರೆಂಡನ್ ಮತ್ತು ನಾನು ಹೋಗಿ ಎಲ್ಲವನ್ನೂ ನೋಡಿ ಬಂದೆವು, ಆಮೇಲೆ ಒಂದೊಂದಾಗಿ ಹರಾಜಾದವು. ಒಂದನ್ನು ಮಾತ್ರ ನೋರಾ ಕೊಡಲಿಲ್ಲ. ಅದು ಬೋರ್ನಿಯೊ ದ್ವೀಪದ ದಯಾಕ್ ಜನರ ಮಂಡೌ. ಒಂದೇ ಕಡೆ ಹರಿತವಿರುವ, ಮೊಳಕ್ಕಿಂತ ಉದ್ದದ ಕತ್ತಿ. ಹಿಡಿ ಹಳದಿ, ಮೊಣಕೈಯ ಹಾಗೆ ಬಾಗಿದ್ದು, ಮೈತುಂಬ ಸುರುಳಿ ಸುರುಳಿ ಕೆತ್ತನೆ. ಬ್ರೆಂಡನ್ ಅವತ್ತು ಗೋಡೆಯಿಂದ ಇಳಿಸದೆಯೇ "ದಂತ" ಎಂದರು. ನಾನು ಹಾಗೇ ಬರೆದುಕೊಂಡೆ.

ಆ ಕತ್ತಿಯನ್ನು ನೋರಾ ಅವರ ಗಂಡ ಕೊಂಡದ್ದಲ್ಲ. ನದಿಯ ಮೇಲ್ಗಡೆಯ ಒಂದು ಊರಿನಲ್ಲಿ ಅವರು ಕೆಟ್ಟುನಿಂತ ದೋಣಿಯ ಎಂಜಿನ್ ಸರಿಮಾಡಿ ಕೊಟ್ಟಿದ್ದರು. ದೋಣಿಯವನ ಬಳಿ ಕೊಡಲು ಬೇರೇನೂ ಇರಲಿಲ್ಲ, ಸೊಂಟದಿಂದ ಬಿಚ್ಚಿ ಕತ್ತಿ ಕೊಟ್ಟ. ಬೇಡವೆಂದರೆ ಅವನಿಗೆ ಅವಮಾನ. "ಇಟ್ಕೊಂಡಿರ್ತೀನಿ, ಮುಂದಿನ ಸಲ ಬಂದಾಗ ತರ್ತೀನಿ" ಎಂದು ಇವರು ತಂದರು. ಹಡಗಿನ ದಾರಿ ಬದಲಾಯಿತು. ಮುಂದಿನ ಸಲ ಬರಲೇ ಇಲ್ಲ. ಕ್ರಿಸ್‌ಮಸ್‌ಗೆ ಕಾರ್ಡ್ ಹೋಗುತ್ತಿತ್ತು, ಬರುತ್ತಿತ್ತು, ಅಷ್ಟೆ.

ಹೋದ ವರ್ಷ ಆ ದೋಣಿಯವನ ಮೊಮ್ಮಗಳು ಲಿದಿಯಾ ಇಲ್ಲಿಯ ಸ್ಯಾಂಡಿಫರ್ಡ್‌ನ ಒಂದು ಆಫೀಸಿಗೆ ಕೆಲಸಕ್ಕೆ ಬಂದಳು. ಬಂದವಳು ಕಾರ್ಡಿನ ಮೇಲಿನ ವಿಳಾಸ ಹಿಡಿದು ನೋರಾ ಮನೆಗೆ ಹೋದಳು. ಅಜ್ಜ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರಲ್ಲಿ ಹಿರಿಯರು ಹೋದ ಮೇಲೆ ವರ್ಷಗಳು ಕಳೆದು, ಎಲ್ಲ ನೆಂಟರೂ ಕೂಡಿದಾಗ ದೊಡ್ಡ ಕಾರ್ಯ ಮಾಡುತ್ತಾರಂತೆ. ಅದು ಮುಂದಿನ ಬೇಸಿಗೆಗೆ ನಿಶ್ಚಯವಾಗಿತ್ತು. "ಅಜ್ಜನ ಕಾರ್ಯಕ್ಕೆ ಅಜ್ಜನ ಕತ್ತಿ ಇದ್ರೆ ಚೆನ್ನಾಗಿತ್ತು" ಎಂದಳಂತೆ, ಕೇಳಲೋ ಬೇಡವೋ ಎನ್ನುವ ಹಾಗೆ. ನೋರಾ ಅವಳಿಗೆ ಟೀ ಕೂಡ ಕೊಡದೆ ಗೋಡೆಯಿಂದ ಕತ್ತಿ ಇಳಿಸಲು ಸ್ಟೂಲ್ ಹತ್ತಿದರಂತೆ.

ಆದರೆ ಹಾಗೆ ಒಯ್ಯಲಾಗುವುದಿಲ್ಲ. ಸಾಗಿಸುವ ಕಂಪನಿಯವರು ಕೇಳಿದರು: ಹಿಡಿ ಯಾವುದರದು? ನಮ್ಮ ಮಳಿಗೆಯ ಪುಸ್ತಕದಲ್ಲಿ ದಂತ ಎಂದಿತ್ತು. ದಂತವಾದರೆ ಅನುಮತಿ ಬೇಕು, ಅನುಮತಿಗೆ ಪುರಾವೆ ಬೇಕು, ಸೊಂಟದಿಂದ ಬಿಚ್ಚಿ ಕೊಟ್ಟದ್ದಕ್ಕೆ ಎಲ್ಲಿಯ ಪುರಾವೆ? ನೋರಾ ಮಳಿಗೆಗೆ ಬಂದು ಕೋಟು ಕೂಡ ಬಿಚ್ಚದೆ ಬ್ರೆಂಡನ್ ಮೇಲೆ ಹರಿಹಾಯ್ದರು.

"ಅದನ್ನ ಅಳ್ಸು."

"ಅಳ್ಸಕ್ಕಾಗಲ್ಲ, ನೋರಾ. ದಂತ ಅಲ್ಲ ಅಂತ ನಾನು ಹೆಂಗೆ ಬರೀಲಿ?"

"ದಂತ ಅಂತ ಹೆಂಗೆ ಬರ್ದೆ? ದೂರದಿಂದ ನೋಡಿ ಬರ್ದೆಯಲ್ಲ? ಈಗ್ಲೂ ದೂರದಿಂದ ನೋಡಿ ಅಲ್ಲ ಅಂತ ಬರಿ."

ಬ್ರೆಂಡನ್ ಕಿವಿ ಕೆಂಪಾಯಿತು. "ಅವತ್ತು ನೋಡ್ದೆ ಬರ್ದೆ. ಅದಕ್ಕೇ ಇವತ್ತು ನೋಡ್ದೆ ಬರಿಯಲ್ಲ."

"ನಂಗೆ ಡಾಕ್ಟ್ರು ಬೇಸಿಗೆ ಬಗ್ಗೆ ಏನೂ ಮಾತು ಕೊಟ್ಟಿಲ್ಲ, ಬ್ರೆಂಡನ್" ಎಂದರು ನೋರಾ. ಅವರ ಹೃದಯ ದುರ್ಬಲವಾಗಿದೆ ಎಂದು ನನಗೆ ತಿಳಿದದ್ದು ಹಾಗೆ. ಮೆಟ್ಟಿಲಿಳಿಯುವಾಗ ಕೈ ಹಿಡಿಯಲು ಹೋದರೆ, "ನೀನೂ ಒಂದು ಮಾತಾಡ್ಬಾರ್ದಾ, ಗೌರಿ?" ಎಂದರು. ನನಗೂ ಅದು ದಂತವೆಂದೇ ಕಂಡಿದ್ದರೆ ಸುಮ್ಮನಿರುವುದು ಸುಲಭವಾಗಿತ್ತು. ಆದರೆ ನನಗೆ ಆಗ ತಿಮಿಂಗಿಲದ ಹಲ್ಲು ಎಂಬ ಅನುಮಾನ ಹುಟ್ಟಿತ್ತು. ತಿಮಿಂಗಿಲವಾದರೂ ಕಾನೂನು ಬಿಡುವುದಿಲ್ಲ. ಹಾಗೆಂದು ಹೇಳಿ ಏನು ಪ್ರಯೋಜನ?

ಆ ಚಳಿಗಾಲವೆಲ್ಲ ನಾವು ಆ ಹಿಡಿಯ ಸುತ್ತ ತಿರುಗಿದೆವು. ಲುವಾಸ್ ಟ್ರ್ಯಾಮ್‌ನಲ್ಲಿ ಕೂತರೆ ಎದುರಿನವರ ಕೊಡೆಯ ಹಿಡಿ, ಊರುಗೋಲಿನ ಹಿಡಿ, ಎಲ್ಲವೂ ನನ್ನನ್ನು ನೀನು ಯಾವುದರದು ಹೇಳು ಎಂದು ಕೆಣಕುತ್ತಿದ್ದವು. ನೇರಳೆ ದೀಪ ಹಿಡಿದರೆ ಹಿಡಿಯೆಲ್ಲ ಒಂದೇ ಸಮ ಹೊಳೆಯುತ್ತಿತ್ತು. ನೋರಾ ಅವರ ಗಂಡ ಹಡಗಿನ ವಾರ್ನಿಷ್ ಬಳಿದಿದ್ದರು, ಹೊಳೆಯುತ್ತಿದ್ದದ್ದು ಅದು. ಬ್ರೆಂಡನ್ ಒಂದು ಮೂಲೆಯಲ್ಲಿ ಹತ್ತಿಯಿಂದ ವಾರ್ನಿಷ್ ಒರೆಸಿದರು. ಕೆತ್ತನೆಯ ಗೆರೆಗಳಲ್ಲಿ ಕೂತಿದ್ದ ಹಳೆಯ ಹೊಗೆಯ ಕಪ್ಪೂ ಜೊತೆಗೇ ಬಂತು. ತಕ್ಷಣ ನಿಲ್ಲಿಸಿದರು. ನನ್ನ ಹುಣಸೆಹಣ್ಣು ನೆನಪಾಗಿರಬೇಕು, ನನ್ನ ಕಡೆ ನೋಡಿದರು.

ತುಂಡಾದ ಕಡೆ ನೋಡೋಣವೆಂದರೆ ಹಿಡಿಯ ತುದಿಗೆ ಬೆಳ್ಳಿಯ ಟೊಪ್ಪಿ ಇತ್ತು. ನೋರಾ ಅವರ ಗಂಡ ಹಡಗಿನ ಕಾರ್ಖಾನೆಯಲ್ಲಿ ತಾವೇ ಮಾಡಿ ಕೂರಿಸಿದ್ದು. ಅದನ್ನು ತೆಗೆದರೆ ಸಾಕು, ಒಳಗಿನದು ಕಾಣುತ್ತದೆ. ನೋರಾ ಮಾತ್ರ ಒಪ್ಪಲಿಲ್ಲ. "ಕತ್ತಿ ಅವರದ್ದು, ಟೊಪ್ಪಿ ನನ್ನ ಗಂಡಂದು. ಅದನ್ನ ಇಕ್ಕಳ ಹಾಕಿ ಕೀಳಿಸ್ಕೊಳಲ್ಲ" ಎನ್ನುತ್ತಿದ್ದರು. ಕತ್ತಿ ಹೋಗಲೇಬೇಕೆಂದು ಪಟ್ಟು ಹಿಡಿದವರೂ ಅವರೇ, ಹೋಗುವ ದಾರಿಗೆ ಅಡ್ಡ ನಿಂತವರೂ ಅವರೇ. ನನಗೆ ಅವರ ಮೇಲೆ ಕೋಪ ಬರಲಿಲ್ಲ. ನಿಮ್ಮ ತಾತ ಸರಿಮಾಡಿದ ಇಸ್ತ್ರಿಪೆಟ್ಟಿಗೆಯ ವೈರು ಈಗಲೂ ನಮ್ಮ ಮನೆಯಲ್ಲಿದೆ, ಪೆಟ್ಟಿಗೆ ಹೋಗಿ ಎಷ್ಟೋ ಕಾಲವಾಯಿತು.

ಬೇಸಿಗೆ ಹತ್ತಿರ ಬಂತು. ಲಿದಿಯಾ ಟಿಕೆಟ್ ತೆಗೆಸಿದಳು. ಇನ್ನೊಮ್ಮೆ ಕೇಳೋಣವೆಂದು ಬ್ರೆಂಡನ್ ನನ್ನನ್ನು ಕರೆದುಕೊಂಡು ನೋರಾ ಮನೆಗೆ ಹೋದರು. ಅಡುಗೆಮನೆಯಲ್ಲಿ ಕೂತೆವು. ಕಲ್ಲು ಹಾಸಿದ ನೆಲ. ಮೇಜಿನ ಮೇಲೆ ಟೀ, ಬ್ರೆಡ್ಡು, ಬೆಣ್ಣೆ.

"ಟೊಪ್ಪಿ ಮತ್ತೆ ಕೂರಿಸ್ತೀವಿ, ನೋರಾ. ತೆಗ್ದಿದ್ದು ಗೊತ್ತೇ ಆಗಲ್ಲ."

"ನಂಗೆ ಗೊತ್ತಾಗುತ್ತೆ."

"ಹಂಗಾದ್ರೆ ಕತ್ತಿ ಇಲ್ಲೇ ಇರುತ್ತೆ."

ನೋರಾ ಎದ್ದರು. ಒಳಗೆ ಹೋಗಿ ಒರೆಯ ಸಮೇತ ಕತ್ತಿ ತಂದರು. ಅವರ ಉಸಿರು ಜೋರಾಗಿತ್ತು. "ಗೌರಿ ಹೇಳ್ಲಿ. ಅವ್ಳು ಯಾವತ್ತೂ ಏನೂ ಹೇಳಲ್ಲ. ತಗೋ, ಗೌರಿ, ನೀನೇ ನೋಡಿ ಹೇಳು" ಎಂದು ನನ್ನ ಕಡೆ ಚಾಚಿದರು.

ನನ್ನ ಕೈ ಹಿಂದೆ ಹೋಯಿತು. ಅವರು ಮೇಜಿನ ಮೇಲೆ ಇಡುತ್ತಾರೆ ಎಂದು ನಾನು. ನಾನು ಹಿಡಿದುಕೊಂಡೆ ಎಂದು ಅವರು. ಅವರು ಬಿಟ್ಟರು. ಕತ್ತಿ ಹಿಡಿ ಕೆಳಗಾಗಿ ಕಲ್ಲಿಗೆ ಬಿತ್ತು. ಟೊಪ್ಪಿ ಹಾರಿ ಕಪಾಟಿನ ಅಡಿಗೆ ಉರುಳಿತು. ಹಿಡಿಯ ತುದಿಯಿಂದ ಬೆರಳುದ್ದದ ಒಂದು ಸೀಳು ಎದ್ದು ನಿಂತಿತು.

ಬ್ರೆಂಡನ್ ನೆಲಕ್ಕೆ ಮೊಣಕಾಲೂರಿದರು. ಕತ್ತಿಗಲ್ಲ, ಕುರ್ಚಿಗೆ ಕುಸಿದಿದ್ದ ನೋರಾ ಮುಂದೆ. "ಉಸ್ರಾಡು. ಮೆಲ್ಲಗೆ. ನನ್ ಕಡೆ ನೋಡು" ಎನ್ನುತ್ತ ಅವರ ಕೈ ಹಿಡಿದುಕೊಂಡಿದ್ದರು. ನಾನು ನೀರು ಕೊಟ್ಟೆ. ಕುಡಿದು, ಬಣ್ಣ ಬಂದ ಮೇಲೆ, ನೋರಾ ಕೇಳಿದ ಮೊದಲ ಮಾತು: "ಒಳಗೇನಿದೆ?"

ಬ್ರೆಂಡನ್ ಕತ್ತಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಫೋನಿಗೆ ಸೂಕ್ಷ್ಮದರ್ಶಕ ಸಿಕ್ಕಿಸಿ ನೋಡಿದರು. ನನ್ನನ್ನು ಕರೆದರು. ಫೋನು ಬೇಕೇ ಇರಲಿಲ್ಲ. ಹೊರಗಿನ ಸುತ್ತು ಗಟ್ಟಿ, ನಡುವೆ ಮಾತ್ರ ಒಣಗಿದ ಬ್ರೆಡ್ಡಿನ ಹಾಗೆ ತೂತು ತೂತು.

"ನಿನ್ನ ತಿಮಿಂಗಿಲ ಹೋಯ್ತು" ಎಂದರು ಬ್ರೆಂಡನ್. ನಾನು ಯಾವತ್ತೂ ಬಾಯಿಬಿಟ್ಟು ಹೇಳದಿದ್ದ ತಿಮಿಂಗಿಲ ಅವರಿಗೆ ಹೇಗೆ ಗೊತ್ತಾಯಿತೋ.

"ನಿಮ್ಮ ಆನೇನೂ ಹೋಯ್ತು" ಎಂದೆ.

"ಏನದು? ಯಾರಾದ್ರೂ ನಂಗೂ ಹೇಳ್ತೀರಾ?" ನೋರಾ ಮೇಜು ತಟ್ಟಿದರು.

"ಕಡವೆ ಕೊಂಬು, ನೋರಾ. ಜಿಂಕೆ ಜಾತಿಯದು. ಆ ಕಾಡಲ್ಲಿ ಬೇಕಾದಷ್ಟು."

"ಹೋಗ್ಬಹುದಾ?"

"ಹೋಗ್ಬಹುದು."

ನಾನು ಕಪಾಟಿನ ಅಡಿಯಿಂದ ಟೊಪ್ಪಿ ತೆಗೆದು ಅವರ ಮುಂದೆ ಇಟ್ಟೆ. ಅದರೊಳಗೆ ಹಡಗಿನವರು ಬಳಸುವ ಗ್ರೀಸು, ನಾರು ಗಟ್ಟಿಯಾಗಿ ತುಂಬಿತ್ತು. ಹಿಡಿಯ ಸೀಳಿನೊಳಗೂ ಅದೇ ಗ್ರೀಸು, ಹಳೆಯದು, ಕಪ್ಪಾದದ್ದು. ಅಂದರೆ ಹಿಡಿ ಅವತ್ತು ಸೀಳಿದ್ದಲ್ಲ, ಎಂದೋ ಸೀಳಿತ್ತು. ಅದನ್ನು ಬಿಗಿಹಿಡಿಯಲೆಂದೇ ಟೊಪ್ಪಿ ಕೂರಿಸಿದ್ದರು. ಬಿದ್ದಾಗ ಹಳೆಯ ಸೀಳು ಬಾಯಿ ತೆರೆಯಿತು, ಅಷ್ಟೆ.

"ಅಲಂಕಾರಕ್ಕೆ ಅಂತ ಹೇಳಿದ್ದ ನಂಗೆ" ಎಂದರು ನೋರಾ. "ಒಡ್ದಾಕಿದ್ದೂ ಅವ್ನೇ, ಮುಚ್ಚಿದ್ದೂ ಅವ್ನೇ. ಕಳ್ಳ." ಟೊಪ್ಪಿಯನ್ನು ಕಾರ್ಡಿಗನ್ ಜೇಬಿಗೆ ಹಾಕಿಕೊಂಡರು. ಮತ್ತೆ ಕೂರಿಸಿ ಎಂದು ಹೇಳಲಿಲ್ಲ.

ಲಿದಿಯಾಗೆ ತೋರಿಸುವುದು ಬಾಕಿ ಇತ್ತು. ಅವಳು ಬಂದಳು. ನೋರಾ ಸೀಳಿನ ವಿಷಯ ಹೇಳಲು ಶುರು ಮಾಡಿ ಮುಗಿಸಲಾರದೆ ಹೋದರು. ಅವಳು ಒರೆಯಿಂದ ಅಲಗನ್ನು ಅರ್ಧ ಎಳೆದು, ಬೆಳಕಿಗೆ ತಿರುಗಿಸಿ, ಹೆಬ್ಬೆರಳನ್ನು ಅಂಚಿನ ಮೇಲೆ ಮೆಲ್ಲಗೆ ಓಡಿಸಿದಳು.

"ಅಲಗು ಚೆನ್ನಾಗಿದೆ" ಎಂದಳು.

"ಹಿಡಿ ನೋಡು, ಮಗಳೇ. ಹಿಡಿ."

"ನೋಡ್ದೆ. ಅಲಗು ಚೆನ್ನಾಗಿದೆ."

ನಾನು ಹಿಡಿಗೆ ಅಂಟು ಹಾಕದೆ ಹತ್ತಿಯ ಪಟ್ಟಿ ಸುತ್ತಿ ಕಟ್ಟಿದೆ. ಮಳಿಗೆಯಲ್ಲಿ ನಾನು ಮಾಡಿದ ಕೊನೆಯ ಕೆಲಸ ಅದು. ಆ ತಿಂಗಳೇ ಬಿಟ್ಟೆ. ಬ್ರೆಂಡನ್ ತಮ್ಮ ಕೈಯಾರೆ ಕಡವೆ ಕೊಂಬು ಎಂದು ಬರೆದು ಸಹಿ ಹಾಕಿದರು. ಕತ್ತಿ ಪೆಟ್ಟಿಗೆಯೊಳಗೆ ಹೋಯಿತು.

ಹೋದದ್ದು ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಜಕಾರ್ತಾದಲ್ಲಿದೆ ಎಂದರು, ಅಲ್ಲಿಂದ ಮುಂದಕ್ಕೆ ಸುದ್ದಿಯಿಲ್ಲ. ನೋರಾ ದಿನಾ ಫೋನ್ ಮಾಡುತ್ತಿದ್ದರು. "ಏನಾದ್ರೂ ಗೊತ್ತಾಯ್ತಾ?" ಇಲ್ಲ ಎಂದರೆ, "ಸರಿ, ಗ್ರ್ಯಾಂಡ್" ಎಂದು ಇಡುತ್ತಿದ್ದರು. ಆಮೇಲೆ ಫೋನು ಆಸ್ಪತ್ರೆಯಿಂದ ಬರತೊಡಗಿತು. ಕಾರ್ಯದ ದಿನ ಹತ್ತಿರವಾಯಿತು, ಬಂತು, ಕಳೆಯಿತು. ಲಿದಿಯಾ ಊರಿಗೆ ಹೋಗಿದ್ದಳು, ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಆಗ ನೀನೇ ನನ್ನನ್ನು ಕೇಳಿದ್ದೆ, ಅಜ್ಜಿ, ಯಾಕೆ ಕಿಟಕಿಯಿಂದ ಕಿಟಕಿಗೆ ಓಡಾಡ್ತೀಯ ಎಂದು.

ಒಂದು ಮಧ್ಯಾಹ್ನ ಬ್ರೆಂಡನ್ ಕಾರಿನಲ್ಲಿ ಬಂದರು. ಒಳಗೆ ಬರಲಿಲ್ಲ, ಹಾರ್ನ್ ಹೊಡೆದರು. ನೇರ ಆಸ್ಪತ್ರೆಗೆ ಹೋದೆವು. ನೋರಾ ದಿಂಬಿಗೆ ಒರಗಿದ್ದರು. ಬ್ರೆಂಡನ್ ಫೋನ್ ತೆಗೆದು ಅವರ ಕೈಗೇ ಕೊಟ್ಟರು. ಲಿದಿಯಾ ಕಳಿಸಿದ ಚಿತ್ರ.

ಮರದ ಮನೆಯ ಜಗಲಿ. ಹಲ್ಲಿಲ್ಲದ ಮುದುಕಿಯೊಬ್ಬಳು ಕಾಲು ಚಾಚಿ ಕೂತಿದ್ದಾಳೆ, ಲಿದಿಯಾಳ ಸೋದರತ್ತೆ. ಅವಳ ಸುತ್ತ ಹಸಿ ಬಿದಿರಿನ ರಾಶಿ, ಕಾರ್ಯದ ಅನ್ನ ಬೇಯಿಸುವುದಕ್ಕೆ. ಅವಳ ಕೈಯಲ್ಲಿ ಆ ಕತ್ತಿ. ನಾವು ಕೈಗವಸು ಹಾಕಿ ಮುಟ್ಟುತ್ತಿದ್ದ, ಮಲ್ಮಲ್ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ ಕತ್ತಿಯನ್ನು ಎತ್ತಿ ಅವಳು ಬಿದಿರು ಸೀಳುತ್ತಿದ್ದಾಳೆ.

"ಅಯ್ಯೋ ದೇವ್ರೇ" ಎಂದರು ಬ್ರೆಂಡನ್. ಬರುವ ಮೊದಲೇ ನೋಡಿದ್ದರೂ ಮತ್ತೆ ಹಾಗೆಂದರು.

ನೋರಾ ನಗತೊಡಗಿದರು. ಎದೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ. ನರ್ಸ್ ಓಡಿ ಬಂದಳು. "ಏನಿಲ್ಲ, ಏನಿಲ್ಲ" ಎಂದು ಅವಳಿಗೆ ಕೈ ಬೀಸಿ, "ಇವನು ಅದನ್ನ ಕಚ್ಚೋ ಪ್ರಾಣಿ ಥರ ಹಿಡ್ಕೊತಿದ್ದ. ನೋಡು ಅವ್ಳು ಹೆಂಗ್ ಹಿಡ್ದಿದಾಳೆ. ಮನೇ ಕತ್ತಿ" ಎಂದರು. ಫೋನನ್ನು ಮತ್ತೆ ಕಣ್ಣ ಹತ್ತಿರ ಹಿಡಿದರು. ಬಹಳ ಹೊತ್ತು ಕೊಡಲಿಲ್ಲ. ಅವರ ಮುಖದಲ್ಲಿ ಆ ವರ್ಷವೆಲ್ಲ ಇದ್ದ ಬಿಗಿ ಇರಲಿಲ್ಲ. ನಿದ್ದೆ ಬಂದವರ ಹಾಗೆ ಕಂಡರು.

ಅವರು ಮರಳಿ ಕೊಟ್ಟಾಗಲೇ ನಾನು ಸರಿಯಾಗಿ ನೋಡಿದ್ದು. ಕತ್ತಿ ಅದೇ, ಹಿಡಿ ಅದಲ್ಲ. ಕೊಂಬನ್ನು ಬಿಚ್ಚಿ ತೆಗೆದು, ಯಾರೋ ಹೊಸದಾಗಿ ಮರದ ಹಿಡಿ ಹಾಕಿದ್ದರು. ಕೆತ್ತನೆಯಿಲ್ಲ, ಏನಿಲ್ಲ, ಕೈಗೆ ಗಟ್ಟಿಯಾಗಿ ಸಿಕ್ಕಲೆಂದು ಸವರಿದ ಒಂದು ಮರದ ತುಂಡು. ಅದು ದಂತವೋ ಅಲ್ಲವೋ ಎಂದು ನಾವು ಒಂದು ಚಳಿಗಾಲ ಕಳೆದ ಹಿಡಿಯನ್ನು ಅವರು ಬಿದಿರು ಸೀಳಲು ಭದ್ರವಿಲ್ಲವೆಂದು ತೆಗೆದಿಟ್ಟಿದ್ದರು.

ಬ್ರೆಂಡನ್ ಕನ್ನಡಕ ಹಣೆಗೇರಿಸಿ, ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು.

"ಗೌರಿ, ಇದ್ಯಾವ ಮರ?"

"ನಿಮ್ಮಿಬ್ರಿಗೂ ಹುಚ್ಚು. ಹೊರಗೆ ಹೋಗಿ" ಎಂದರು ನೋರಾ.

ನೋರಾ ಈಗ ಮನೆಗೆ ಬಂದಿದ್ದಾರೆ. ಮೆಟ್ಟಿಲು ಹತ್ತುವುದು ಬೇಡ ಎಂದಿದ್ದಾರಂತೆ ಡಾಕ್ಟರು, ಹತ್ತುತ್ತಾರೆ. ಆ ಮರದ ವಿಷಯ ಮಾತ್ರ ನನಗೆ ನೆಮ್ಮದಿ ಕೊಟ್ಟಿಲ್ಲ. ಬಣ್ಣ ನೋಡಿದರೆ ಹಲಸು ಎನಿಸುತ್ತದೆ. ಬ್ರೆಂಡನ್ ಒಪ್ಪುವುದಿಲ್ಲ, ನೆರಳಿಗೆ ಹಾಗೆ ಕಾಣುತ್ತದೆ ಎನ್ನುತ್ತಾರೆ. ಚಿತ್ರ ಅವರ ಫೋನಿನಲ್ಲೇ ಇದೆ, ಅದಿತಿ. ಶನಿವಾರ ಹೋದಾಗ ಕೇಳಿ ನೋಡು. ಅವರು ಬಾಯಿ ತೆರೆಯುವ ಮೊದಲೇ ನೋಡಿಬಿಡು.